ಇಂದಿನ ಧಮ್ಮ ಚಿಂತನೆ: ಹೆಸರಿರುವ ಕಲ್ಲು



ಹೋದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಸತಿಪಟ್ಠಾನ ಸುತ್ತದ ಸ್ಮಶಾನದ ಭಾಗ ಓದಿದೆವು. ಎಸೆದ ಹೆಣ ಊದುವುದು, ನೀಲಿಗಟ್ಟುವುದು, ಕಾಗೆ ಹದ್ದು ಕುಕ್ಕುವುದು, ಕೊನೆಗೆ ಮೂಳೆಯೂ ಪುಡಿಯಾಗುವುದು. ನನ್ನ ಮೈಯೂ ಇಷ್ಟೇ ಎಂದು ಅರಿಯುವುದು. ಓದು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಸಾರ್, ಎಲ್ಲಾ ಮಣ್ಣಾಗೋದೇ ಆದ್ರೆ, ನಮ್ಮ ಕೇರಿಯೋರು ಸ್ಮಶಾನದ ಜಾಗಕ್ಕೆ ಇಷ್ಟು ವರ್ಷದಿಂದ ಅರ್ಜಿ ಹಿಡ್ಕೊಂಡು ಯಾಕೆ ಅಲೀಬೇಕು?" ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ನಕ್ಕುಬಿಟ್ಟೆ. ಆ ನಗು ಸರಿಯಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ನಾನೂ ನನ್ನ ಮನೆಯವರೂ ಅಮೆರಿಕದ ಬಾಸ್ಟನ್ ಪಕ್ಕದ ಕೇಂಬ್ರಿಡ್ಜಿಗೆ ಹೋಗಿದ್ದೆವು. ಮೇ ತಿಂಗಳು. ಮನೆಯಲ್ಲಿ ನನಗೇನೂ ಕೆಲಸವಿಲ್ಲ. "ಅಪ್ಪಾ, ಹತ್ತಿರದಲ್ಲೇ ಒಳ್ಳೆ ತೋಟ ಇದೆ, ಒಂದು ಸುತ್ತು ಹೋಗಿ ಬಾ" ಅಂದಳು ಮಗಳು. ಹೋಗಿ ನೋಡಿದರೆ ಅದು ಸ್ಮಶಾನ! ಹೆಸರು ಮೌಂಟ್ ಆಬರ್ನ್.

1831ರಲ್ಲಿ ಶುರುವಾದದ್ದು. ಆಗ ಬಾಸ್ಟನ್ನಿನ ಚರ್ಚುಗಳ ಸುತ್ತಲಿನ ಜಾಗವೆಲ್ಲ ತುಂಬಿ, ಹೆಣದ ಮೇಲೆ ಹೆಣ ಹೂಳುತ್ತಿದ್ದರಂತೆ. ರೋಗ ಹರಡುವ ಭಯ ಬೇರೆ. ಜೇಕಬ್ ಬಿಗೆಲೋ ಎಂಬ ವೈದ್ಯರು ಅಲ್ಲಿನ ತೋಟಗಾರಿಕೆ ಸಂಘದವರ ಜೊತೆ ಸೇರಿ ಊರಾಚೆ 72 ಎಕರೆ ಗುಡ್ಡ, ಕಾಡು, ಕೊಳವಿರುವ ಜಾಗದಲ್ಲಿ ಈ ತೋಟ ಮಾಡಿದರು. ಈಗ ಸುಮಾರು 175 ಎಕರೆ. ಒಳಗಿನ ಬಹುಪಾಲು ದಾರಿಗಳಿಗೆ ಮರಗಿಡಗಳ ಹೆಸರು. ಬಾಗಿಲು ಎಲ್ಲರಿಗೂ ತೆರೆದಿದೆ, ಟಿಕೆಟ್ ಇಲ್ಲ. ನಾನು ಹೋದ ದಿನ ಕೊರಳಿಗೆ ದುರ್ಬೀನು ಹಾಕಿಕೊಂಡ ಜನ ಮರದಡಿ ಪಿಸುಗುಟ್ಟುತ್ತಾ ಹಕ್ಕಿ ನೋಡುತ್ತಿದ್ದರು. ಆ ಕಡೆ ದಿಬ್ಬದ ಮೇಲೆ ಒಂದು ಸಂಸಾರ ಯಾರನ್ನೋ ಮಣ್ಣು ಮಾಡುತ್ತಿತ್ತು. ಹಕ್ಕಿ ನೋಡುವವರು ಅವರನ್ನು ಕಂಡು ಟೋಪಿ ತೆಗೆದು, ಬೇರೆ ದಾರಿ ಹಿಡಿದು ಹೋದರು. ನನಗೆ ಅದೇ ದೊಡ್ಡ ಪಾಠದಂತೆ ಕಂಡಿತು. ಅಲ್ಲಿ ಜಾಗ ಪುಕ್ಕಟೆ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ದುಡ್ಡು ಕೊಟ್ಟೇ ಕೊಳ್ಳಬೇಕು.

ಬಾಗಿಲಲ್ಲಿ ಸಿಕ್ಕ ನಕ್ಷೆಯಲ್ಲಿ ಹ್ಯಾರಿಯೆಟ್ ಜೇಕಬ್ಸ್ ಅಂತ ಹೆಸರು ಕಂಡು ನಿಂತುಬಿಟ್ಟೆ. ಈ ತಾಯಿ 1813ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಗುಲಾಮಳಾಗಿ ಹುಟ್ಟಿದವರು. ಯಜಮಾನನ ಕಾಟ ತಾಳಲಾರದೆ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿ ಕೂತರು. ಆ ಅಟ್ಟದ ಉದ್ದ 9 ಅಡಿ, ಅಗಲ 7 ಅಡಿ, ಎತ್ತರವಿದ್ದ ಕಡೆಯೂ 3 ಅಡಿ ಅಷ್ಟೆ. ನೆಟ್ಟಗೆ ಕೂರುವುದಕ್ಕೂ ಕಷ್ಟವಾದ ಆ ಜಾಗದಲ್ಲಿ ಹೆಚ್ಚುಕಡಿಮೆ ಏಳು ವರ್ಷ! ಕೆಳಗೆ ಓಡಾಡುವ ತಮ್ಮ ಮಕ್ಕಳನ್ನು ಒಂದು ತೂತಿನಿಂದ ನೋಡುತ್ತಿದ್ದರು. 1842ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದರು. 1861ರಲ್ಲಿ ತಮ್ಮ ಕಥೆ ಅಚ್ಚು ಮಾಡಿಸಿದಾಗಲೂ ಸ್ವಂತ ಹೆಸರು ಹಾಕಲಾಗಲಿಲ್ಲ. ಗುಲಾಮ ಹೆಂಗಸು ಇಷ್ಟು ಚೆನ್ನಾಗಿ ಬರೆದಾಳೇ ಎಂದು ಆಮೇಲೆ ಬಹುಕಾಲ ವಿದ್ವಾಂಸರೇ ಅನುಮಾನಪಟ್ಟರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬುವರು ದಾಖಲೆ ಹುಡುಕಿ ಅದು ಅವರದೇ ಬರಹ ಎಂದು ತೋರಿಸಿಕೊಟ್ಟರು.

ಅದೇ ತೋಟದಲ್ಲಿ ಜೋಸೆಫ್ ಸ್ಟೋರಿ ಎಂಬ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಸಮಾಧಿಯೂ ಇದೆ. 1831ರಲ್ಲಿ ಈ ಸ್ಮಶಾನದ ಉದ್ಘಾಟನಾ ಭಾಷಣ ಮಾಡಿದವರು ಅವರೇ. ಓಡಿಹೋದ ಗುಲಾಮರನ್ನು ಹಿಡಿದು ತರುವ ಹಕ್ಕು ಯಜಮಾನರಿಗಿದೆ ಎಂದು 1842ರಲ್ಲಿ ತೀರ್ಪು ಬರೆದವರೂ ಅವರೇ. ಅಂದರೆ ಹ್ಯಾರಿಯೆಟ್ ತಪ್ಪಿಸಿಕೊಂಡು ಬಂದ ವರ್ಷವೇ. ಈಗ ಇಬ್ಬರೂ ಒಂದೇ ಬೇಲಿಯ ಒಳಗಿದ್ದಾರೆ.

ನಕ್ಷೆ ತಿರುಗಿಸಿ ತಿರುಗಿಸಿ ಕಲ್ಲು ಹುಡುಕಿದೆ. ಪಕ್ಕದಲ್ಲಿ ತಮ್ಮ, ಮಗಳು. ಕಲ್ಲಿನ ಮೇಲೆ ಅವರ ಸ್ವಂತ ಹೆಸರು. ಕೂತು ಅತ್ತೆ. ಹ್ಯಾರಿಯೆಟ್ಟರಿಗಾಗಿ ಅತ್ತೆ ಅಂದರೆ ಸುಳ್ಳಾದೀತು, ನಾನು ಅತ್ತದ್ದು ನಮ್ಮವ್ವನಿಗೆ.

ನಮ್ಮಪ್ಪ ಊರಿನವರ ಹೆಣಕ್ಕೆಲ್ಲ ತಮಟೆ ಬಡಿದವನು, ಗುಂಡಿ ತೋಡಿದವನು, ಸಾವಿನ ಸುದ್ದಿ ಹೊತ್ತು ಊರೂರು ನಡೆದವನು. ಅವ್ವ ತೀರಿಕೊಂಡಾಗ ಅವಳಿಗೆ ಸಿಕ್ಕಿದ್ದು ಕೆರೆಯಂಗಳ. ಅಲ್ಲಿಗೂ ದಾರಿಯಿಲ್ಲ. ಹೊಲದವರು ಬದುವಿನ ಮೇಲೆ ಹೆಣ ಹೊರಬೇಡಿ ಅಂದರು, ಸುತ್ತುಬಳಸಿ ಕೆಸರಲ್ಲಿ ಹೊತ್ತೆವು. ತೋಡಿದ ಗುಂಡಿಯಲ್ಲಿ ನೀರು ಒಸರುತ್ತಿತ್ತು. ಮೊಗೆದು ಮೊಗೆದು ಹಾಕಿ ಅವ್ವನನ್ನು ಇಳಿಸಿದೆವು. ಗುರುತಿಗೆ ಇಟ್ಟ ಕಲ್ಲು ಮುಂದಿನ ಮಳೆಗಾಲಕ್ಕೆ ಇರಲಿಲ್ಲ. ಈಗ ಅವಳು ಎಲ್ಲಿದ್ದಾಳೆಂದು ಕೇಳಿದರೆ ನಾನು ಇಡೀ ಕೆರೆಯನ್ನೇ ತೋರಿಸಬೇಕು.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸೋಪಾಕನ ಕಥೆ ಸೇರಿಸಿದ್ದಾರೆ. ಅಸ್ಪೃಶ್ಯ ತಾಯಿ ಸತ್ತಳೆಂದು ಸ್ಮಶಾನಕ್ಕೆ ಒಯ್ದು ಚಿತೆಯ ಮೇಲಿಡುತ್ತಾರೆ. ಗಾಳಿಮಳೆಗೆ ಬೆಂಕಿ ಹತ್ತುವುದಿಲ್ಲ, ಬಿಟ್ಟು ಹೋಗುತ್ತಾರೆ. ಅವಳು ಅಲ್ಲೇ ಹೆತ್ತು ಸಾಯುತ್ತಾಳೆ. ಆ ಕೂಸನ್ನು ಸಾಕಿದವನು ಸ್ಮಶಾನದ ಕಾವಲುಗಾರ. ಏಳು ವರ್ಷದ ಆ ಮಗುವನ್ನು ಭಗವಾನರು ಸಂಘಕ್ಕೆ ಸೇರಿಸಿಕೊಂಡರು. ಸ್ಮಶಾನದಲ್ಲೇ ಬೆಳೆದ ಸೋಪಾಕನಿಗೆ ದೇಹ ಅನಿತ್ಯವೆಂದು ಯಾರೂ ಹೊಸದಾಗಿ ಹೇಳಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಮನುಷ್ಯರ ನಡುವೆ ಒಂದು ಜಾಗ, ಭಗವಾನರು ಕೊಟ್ಟದ್ದು ಅದನ್ನೇ.

ಆ ಹುಡುಗನಿಗೆ ಈಗ ಹೇಳುತ್ತೇನೆ. ಅನಿತ್ಯದ ಪಾಠ ಹಿಡಿದುಕೊಂಡವನು ಬಿಡಲಿ ಎಂದು ಇರುವುದಪ್ಪಾ. ಕೈಗೆ ಏನೂ ಸಿಗದವನ ಮುಂದೆ ಅದನ್ನು ಹೇಳಿದರೆ ಅದು ಧಮ್ಮವಲ್ಲ, ಹೊಲದ ಯಜಮಾನನಿಗೆ ಅನುಕೂಲದ ಮಾತು. ಮಹಾಪರಿನಿಬ್ಬಾಣ ಸುತ್ತ ತೆಗೆದು ನೋಡು. ತಥಾಗತರ ಸ್ತೂಪ ಎಲ್ಲಿರಬೇಕು ಎಂದು ಆನಂದರಿಗೆ ಹೇಳುತ್ತಾರೆ: ನಾಲ್ಕು ದೊಡ್ಡ ದಾರಿ ಕೂಡುವಲ್ಲಿ. ಬಂದುಹೋಗುವ ಎಲ್ಲರೂ ಹೂವಿಡಲಿ ಎಂದು. ನಾವು ಅರ್ಜಿಯಲ್ಲಿ ಕೇಳಿರುವುದು ಒಂದೇ ದಾರಿ, ಎರಡು ಎಕರೆ.

ಬರುವ ಸೋಮವಾರ ಅರ್ಜಿಯ ಬಗ್ಗೆ ವಿಚಾರಿಸಲು ಹೋಗುತ್ತಿದ್ದೇವೆ. ಸರ್ವೆ ನಕ್ಷೆಯ ಪ್ರತಿ ನನ್ನ ಬಳಿ ಇದೆ. ಬರುವವರು ಬೆಳಿಗ್ಗೆ ಒಂಬತ್ತಕ್ಕೆ ವಿಹಾರದ ಹತ್ತಿರ ಸೇರಿ. ಕೇಳಿದ ಹುಡುಗನೂ ಬರಲಿ.

ಜೈ ಭೀಮ್. ನಮೋ ಬುದ್ಧಾಯ.