ಧ್ವನಿಮತ ಮತ್ತು ಅನುಮೋದನೆ

ತಾನು ಮಾಡಿದ್ದಕ್ಕೆ ಮಾತ್ರವಲ್ಲ, ಮಾಡಿಸಿದ್ದಕ್ಕೂ ಒಪ್ಪಿದ್ದಕ್ಕೂ ಶ್ರಾವಕನು ಹೊಣೆಗಾರನೆಂಬುದು ಕೃತ, ಕಾರಿತ, ಅನುಮೋದಿತ ಎಂಬ ವಿಂಗಡಣೆಯ ತಾತ್ಪರ್ಯ. ಹಾಗಾದರೆ ಶಾಸನಸಭೆ ಒಪ್ಪಿದ ಕಾನೂನಿನಲ್ಲಿ ಮತದಾರನ ಪಾಲೆಷ್ಟು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. 2023ರ ಚುನಾವಣೆಯಲ್ಲಿ ಇಲ್ಲಿ ಘೋಷಿತವಾದ ಅಂತರ ಕೇವಲ 201 ಮತ. ಸೋತ ಪಕ್ಷಕ್ಕೆ ಮತವಿತ್ತವರ ಅಭಿಪ್ರಾಯವೂ 224 ಸದಸ್ಯರ ಸಭೆಯನ್ನು ಮುಟ್ಟಬೇಕಾದರೆ ಚರ್ಚೆಯ ಹೊರತು ಬೇರೆ ದಾರಿಯಿಲ್ಲ. ವಿಧೇಯಕದ ಮಂಡನೆ, ಪರ್ಯಾಲೋಚನೆ, ಖಂಡವಾರು ಪರಿಶೀಲನೆ, ಬಳಿಕ 75 ಸದಸ್ಯರ ವಿಧಾನಪರಿಷತ್ತು, ಕೊನೆಗೆ ರಾಜ್ಯಪಾಲರ ಅಂಕಿತ ಎಂಬ ಕ್ರಮವಿರುವುದೇ ಇದಕ್ಕಾಗಿ. ಅನೇಕಾಂತಕ್ಕೆ ರಾಜ್ಯಾಂಗದಲ್ಲಿ ದೊರೆತ ಎಡೆ ಇದೆಂದರೂ ತಪ್ಪಾಗದು.

ಜಾನುವಾರು ವಧೆ ಪ್ರತಿಬಂಧಕ ವಿಧೇಯಕವನ್ನು ಜೈನ ಸಮಾಜ ಸಹಜವಾಗಿಯೇ ಸ್ವಾಗತಿಸೀತು. ಹನ್ನೆರಡು ವರ್ಷ ಮೀರಿದ ಎತ್ತು, ಹೋರಿಗಳ ವಧೆಗೆ 1964ರ ಕಾಯ್ದೆ ಅವಕಾಶವಿತ್ತಿತ್ತು. ಹೊಸದು ಹದಿಮೂರು ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗಿಟ್ಟಿತು. ಆದರೆ ಅದು ನಡೆದು ಬಂದ ದಾರಿ ಯಾವುದು? 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಪರಿಷತ್ತಿನ ಒಪ್ಪಿಗೆ ದೊರೆಯುವ ಮೊದಲೇ 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಟಿತು. ಫೆಬ್ರವರಿ 8ರಂದು ಪರಿಷತ್ತು ಗದ್ದಲದಲ್ಲೇ ಧ್ವನಿಮತದಿಂದ ಒಪ್ಪಿತು.

ಉದ್ದೇಶ ಅಹಿಂಸೆಯಾದುದರಿಂದ ವಿಧಾನದ ದೋಷ ಕ್ಷಮ್ಯವೆನ್ನುವವರುಂಟು. ಈ ಮಾತು ನಿಲ್ಲದು. ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಹಿಂಸೆಯ ಮೂಲವೆಂದು ಬಗೆದ ಧರ್ಮವು ಅವಸರಕ್ಕೆ ವಿನಾಯಿತಿ ಕೊಡುವುದು ಹೇಗೆ? ಟಿಲ್ಲರ್ ಬಂದ ಮೇಲೆ ಮಲೆನಾಡಿನ ಗದ್ದೆಗೆ ಎತ್ತು ಬೇಡವಾಗಿದೆ. ಹುಟ್ಟಿದ ಗಂಡುಕರುವಿಗೆ ಹುಲ್ಲು ಹಾಕುವವರಾರು? ಎರಡು ಎಕರೆ ಅಡಿಕೆ ತೋಟದವನೇ, ಸರ್ಕಾರವೇ, ಅಥವಾ ಕಾನೂನಿಗೆ ಚಪ್ಪಾಳೆ ತಟ್ಟಿದ ಪೇಟೆಯ ವರ್ತಕನೇ? ಖಂಡವಾರು ಚರ್ಚೆ ನಡೆದಿದ್ದರೆ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತಿತ್ತು. ರಸ್ತೆಗೆ ಬಿಟ್ಟ ಕರು ಹಸಿದು ಸತ್ತರೆ ಅದೂ ಜೀವವಧೆಯೇ.

ಧ್ವನಿಮತದಲ್ಲಿ ಇನ್ನೊಂದು ತೊಡಕಿದೆ. ‘ಹೌದು’ ಎಂಬ ಕೂಗು ಸಭಾಧ್ಯಕ್ಷರ ಕಿವಿಗೆ ಬಿದ್ದರೆ ಸಾಕು. ಕೂಗಿದವರ ಹೆಸರು ದಾಖಲಾಗದು. ಸಾಧಾರಣ ಕಿರಾಣಿ ಅಂಗಡಿಯ ಖಾತೆಯಲ್ಲೂ ಹೆಸರಿಲ್ಲದ ಬಾಕಿಯನ್ನು ಯಾರೂ ಒಪ್ಪುವುದಿಲ್ಲ. ಮತವಿಭಜನೆಯಾದರೆ ಪರ, ವಿರೋಧ, ತಟಸ್ಥ ಎಲ್ಲವೂ ಹೆಸರುಸಹಿತ ಕಡತಕ್ಕೆ ಸೇರುತ್ತವೆ. ಸಿಂಹನಗದ್ದೆ ಬಸದಿಗೆ ಬರುವ ಶ್ರಾವಕನು ತನ್ನ ಪ್ರತಿನಿಧಿ ಯಾವುದನ್ನು ಅನುಮೋದಿಸಿದನೆಂದು ಓದಿ ತಿಳಿಯಬಹುದು. ಫೆಬ್ರವರಿ 8ರ ಕಲಾಪದಲ್ಲಿ ಪರವೆಂದವರ ಪಟ್ಟಿಯೂ ಇಲ್ಲ, ವಿರುದ್ಧವೆಂದವರ ಪಟ್ಟಿಯೂ ಇಲ್ಲ.