ಶ್ರಮದಾನ ಎಂದು ಬರೆದಿದ್ದೆ

ಪಿಎಚ್.ಡಿ. ಪ್ರಸ್ತಾವನೆಯ ನಮೂನೆಯಲ್ಲಿ ಕೊನೆಗೆ ಬರುವ ಶೀರ್ಷಿಕೆ ‘ನಿರೀಕ್ಷಿತ ಫಲಿತಾಂಶಗಳು’. ಅಧ್ಯಯನ ಇನ್ನೂ ಶುರುವೇ ಆಗಿರುವುದಿಲ್ಲ, ಆದರೆ ಅದರಿಂದ ಏನು ತಿಳಿದುಬರುತ್ತದೆ ಎಂದು ಅರ್ಧ ಪುಟ ಬರೆಯಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಎಂದರೆ ಇದೇ ಅಂತ ಹಾಸ್ಟೆಲಿನಲ್ಲಿ ನಗುತ್ತೇವೆ. ನಕ್ಕು ಮುಗಿಸಿ ಎಲ್ಲರೂ ಕುಲಾವಿ ಹೊಲಿಯಲು ಕೂರುತ್ತೇವೆ. ಪ್ಲೇಟೋನ ‘ಮೆನೊ’ ಸಂವಾದದಲ್ಲಿ ಈ ತೊಡಕು ಬರುತ್ತದೆ: ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ, ಸಿಕ್ಕರೂ ಇದೇ ಅದು ಎಂದು ಗುರುತು ಹಿಡಿಯುವುದು ಹೇಗೆ, ಮೊದಲೇ ಗೊತ್ತಿದ್ದರೆ ಹುಡುಕುವುದಾದರೂ ಯಾಕೆ? ಎಂ.ಎ. ಓದುವಾಗ ಇದು ಬಿಡುವಿದ್ದವರ ಮಾತಿನ ಆಟ ಅನ್ನಿಸಿತ್ತು. ಕಳೆದ ವರ್ಷ ನನ್ನದೇ ಪ್ರಸ್ತಾವನೆ ಬರೆಯುವಾಗ ಅದರ ಭಾರ ತಿಳಿಯಿತು. ಆದರೆ ನನ್ನ ತೊಂದರೆ ಮೆನೊನದಕ್ಕಿಂತ ಕೀಳು ದರ್ಜೆಯದು. ಅವನಿಗೆ ಗೊತ್ತಿಲ್ಲದ್ದರ ಚಿಂತೆ. ನಾನು ಗೊತ್ತಾದದ್ದನ್ನೇ ಬಿಟ್ಟು ಬರೆದಿದ್ದೆ.

ನನ್ನ ವಿಷಯ ಕೋಲಾರ ಸೀಮೆಯ ಕೆರೆಗಳು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆ ಅದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಕೋಲಾರ ಜಿಲ್ಲೆಯೊಂದರಲ್ಲೇ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಇಷ್ಟು ಕೆರೆಗಳನ್ನು ಇಷ್ಟು ಕಾಲ ಯಾರು ನೋಡಿಕೊಂಡರು, ಹೇಗೆ ನೋಡಿಕೊಂಡರು ಎಂಬುದು ನನ್ನ ಪ್ರಶ್ನೆ. ಉತ್ತರ ಚೆನ್ನಾಗಿಯೇ ಕಾಣುತ್ತಿತ್ತು. ಮಳೆ ಕೈಕೊಟ್ಟ ವರ್ಷ ಈ ಕಡೆ ‘ದಾಮಾಷ’ ಎಂಬ ಪದ್ಧತಿಯಿತ್ತು. ಕೆರೆಯಲ್ಲಿರುವ ಅರೆಬರೆ ನೀರು ಅಚ್ಚುಕಟ್ಟಿನಲ್ಲಿ ಎಷ್ಟು ನೆಲಕ್ಕೆ ಸಾಲುತ್ತದೋ ಅಷ್ಟನ್ನೇ, ಏರಿಗೆ ಹತ್ತಿರದ ನೆಲವನ್ನು, ಎಲ್ಲ ಗದ್ದೆಯವರೂ ತಮ್ಮ ತಮ್ಮ ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಂಡು ಬೆಳೆಯುವುದು. ತೂಬಿನ ಹತ್ತಿರ ಗದ್ದೆಯಿದ್ದವನು ಆ ವರ್ಷ ತನ್ನ ನೆಲವನ್ನು ಊರಿನವರಿಗೂ ಬಿಟ್ಟುಕೊಡಬೇಕು. ಇದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಕಾನೂನು, ಪೊಲೀಸು ಯಾವುದೂ ಇಲ್ಲದೆ ಜನ ತಾವೇ ಇಂಥ ನ್ಯಾಯ ಕಂಡುಕೊಂಡಿದ್ದರಲ್ಲ ಎಂದು. ‘ಕೆರೆ ನಿರ್ವಹಣೆಯಲ್ಲಿ ಸಮುದಾಯದ ಪಾತ್ರ’ ಎಂಬ ಶೀರ್ಷಿಕೆಯೂ ಅದೇ ಹುಮ್ಮಸ್ಸಿನಲ್ಲಿ ಬಂದದ್ದು.

ಯಾರ ಗದ್ದೆಗೆ ಎಷ್ಟು ನೀರು ಎಂದು ನಿರ್ಧರಿಸಿ ತೂಬು ಎತ್ತುತ್ತಿದ್ದವನು ನೀರಗಂಟಿ. ಈ ಸೀಮೆಯಲ್ಲಿ ಬಹುಮಟ್ಟಿಗೆ ಅದು ದಲಿತ ಕುಟುಂಬಗಳ ವಂಶಪಾರಂಪರ್ಯ ಕೆಲಸ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಅಂಥ ವಂಶಪಾರಂಪರ್ಯ ಹುದ್ದೆಗಳು ಕಾಗದದ ಮೇಲೆ ಹೋದವು, ಎಷ್ಟೋ ಊರುಗಳಲ್ಲಿ ಕೆಲಸ ಮಾತ್ರ ಆಮೇಲೂ ನಡೆಯಿತು. ಪ್ರಸ್ತಾವನೆ ಬರೆಯುವ ಮುನ್ನ ಪ್ರಾಥಮಿಕ ಕ್ಷೇತ್ರಕಾರ್ಯಕ್ಕೆ ಹೋದಾಗ ಅಂಥ ಒಬ್ಬ ತಾತ ಸಿಕ್ಕಿದರು. ಎಂಬತ್ತು ದಾಟಿರಬೇಕು. ಕೆರೆ ಏರಿಯ ಮೇಲಿನ ಹೊಂಗೆ ಮರದಡಿ ಕೂತು ಎರಡು ಗಂಟೆ ಮಾತಾಡಿದರು. ದಾಮಾಷದ ಬಗ್ಗೆ ನಾನು ಓದಿದ್ದಕ್ಕಿಂತ ಹೆಚ್ಚು ಹೇಳಿದರು. ಆಮೇಲೆ ನಾನು ಕೇಳಿದೆ, ‘ಹೂಳು ತೆಗೆಯೋದು, ಏರಿಗೆ ಮಣ್ಣು ಹಾಕೋದು, ಇದನ್ನೆಲ್ಲ ಊರಿನೋರೆಲ್ಲ ಸೇರಿ ಮಾಡ್ತಿದ್ರಾ ತಾತ?’

‘ಎಲ್ಲ ಅಂದ್ರೆ ಯಾರಮ್ಮ? ನಮ್ಮ ಕೇರಿಯೋರು. ಮನೆಗೊಂದು ಆಳು. ಬಿಟ್ಟಿ. ಹೋಗ್ದಿದ್ರೆ ಸುಗ್ಗೀಲಿ ಕಣದ ಹತ್ರ ಮೊರ ಒಡ್ಡಂಗಿರಲಿಲ್ಲ.’

ಟಿಪ್ಪಣಿ ಪುಸ್ತಕದಲ್ಲಿ ಇದನ್ನು ಹಾಗೇ ಬರೆದುಕೊಂಡಿದ್ದೇನೆ, ‘ಬಿಟ್ಟಿ’ಯ ಕೆಳಗೆ ಗೆರೆಯೂ ಇದೆ. ಪ್ರಸ್ತಾವನೆಯ ನಾಲ್ಕನೇ ಪುಟದಲ್ಲಿ ಮಾತ್ರ ಇರುವುದು ಹೀಗೆ: ‘ಹೂಳೆತ್ತುವ ಹಾಗೂ ಏರಿ ದುರಸ್ತಿಯ ಕಾರ್ಯಗಳು ಗ್ರಾಮಸ್ಥರ ಶ್ರಮದಾನದಿಂದ ನಡೆಯುತ್ತಿದ್ದವು.’

ಹೀಗೆ ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ನನ್ನನ್ನು ಹೆದರಿಸುವುದು ಅದೇ. ಮೇಜಿನ ಮೇಲೆ ಇದ್ದ ಪುಸ್ತಕಗಳು ಒಂದು ಕಾರಣ ಇರಬಹುದು. ಅನುಪಮ್ ಮಿಶ್ರ ಅವರು ಕೆರೆಗಳ ಬಗ್ಗೆ 1993ರಲ್ಲಿ ಹಿಂದಿಯಲ್ಲಿ ಬರೆದ ಪುಸ್ತಕ, 1997ರಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಸಂಪಾದಿಸಿದ ‘ಡೈಯಿಂಗ್ ವಿಸ್ಡಮ್’, ಸಾಮೂಹಿಕ ಸಂಪನ್ಮೂಲಗಳನ್ನು ಜನ ತಾವೇ ಕಾಯ್ದುಕೊಳ್ಳಬಲ್ಲರು ಎಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ. ಎಲ್ಲವೂ ಒಳ್ಳೆಯ ಪುಸ್ತಕಗಳು, ಎಲ್ಲದರಲ್ಲೂ ‘ಸಮುದಾಯ’ ಎಂಬ ಮಾತಿಗೆ ಬೆಚ್ಚನೆಯ ಧ್ವನಿ. ತಮಿಳುನಾಡಿನ ಕೆರೆಗಳ ಹಿಂದೆ ಇದ್ದ ಜಾತಿ ಮತ್ತು ಅಧಿಕಾರದ ಬಗ್ಗೆ ಬರೆದ ಡೇವಿಡ್ ಮೋಸ್ ಅವರ 2003ರ ಪುಸ್ತಕಕ್ಕೆ ನನ್ನ ಸಾಹಿತ್ಯ ಸಮೀಕ್ಷೆಯಲ್ಲಿ ಸಿಕ್ಕಿದ್ದು ಒಂದೇ ವಾಕ್ಯ, ಅದೂ ‘ಆದಾಗ್ಯೂ’ ಎಂದು ಶುರುವಾಗುವ ವಾಕ್ಯ.

ಪುಸ್ತಕಗಳ ಮೇಲೆ ಹೊರಿಸಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಮ್ಮ ತಾತನಿಗೂ ಒಂದು ಕೆರೆಯ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಗದ್ದೆಯಿತ್ತು. ‘ಆಗೆಲ್ಲ ಊರಿಗೆ ಊರೇ ಕೆರೆ ಕೆಲಸಕ್ಕೆ ಬರ್ತಿತ್ತು’ ಎಂಬುದನ್ನು ಚಿಕ್ಕಂದಿನಿಂದ ಮನೆಯಲ್ಲಿ ಕೇಳಿಕೊಂಡೇ ಬೆಳೆದವಳು ನಾನು. ಸಂಶೋಧನೆಗೆ ಈ ವಿಷಯ ಆರಿಸಿಕೊಳ್ಳುವ ಎಷ್ಟೋ ಮೊದಲೇ ಅದರ ಫಲಿತಾಂಶ ನಮ್ಮ ಮನೆಯ ಪಡಸಾಲೆಯಲ್ಲಿ ಸಿದ್ಧವಾಗಿತ್ತು.

ಬಿಟ್ಟಿ ಎಂಬ ಮಾತು ನನಗೆ ಗೊತ್ತಿರಲಿಲ್ಲವೆಂದೇನೂ ಅಲ್ಲ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಬರುತ್ತದೆ, ಪರೀಕ್ಷೆಗೆ ಓದಿದ್ದೇನೆ. ಕಲ್ಲಿನ ಮೇಲಿದ್ದಾಗ ಓದಲು ಬಂದ ಮಾತು ಎದುರಿಗಿದ್ದವರ ಬಾಯಲ್ಲಿ ಬಂದಾಗ ಕೇಳಿಸಲಿಲ್ಲ. ಇನ್ನೊಂದು ವಿಚಿತ್ರವಿದೆ. ಇವತ್ತು ‘ಬಿಟ್ಟಿ’ ಎಂದರೆ ದುಡ್ಡು ಕೊಡದೆ ಸಿಕ್ಕಿದ್ದು, ಬಿಟ್ಟಿ ಅಕ್ಕಿ, ಬಿಟ್ಟಿ ಊಟ. ಪಡಿತರದ ಸಾಲಿನಲ್ಲಿ ನಿಂತವರನ್ನು ಹಂಗಿಸಲು ಬಳಸುವ ಮಾತು. ಯಾರ ಅಜ್ಜ ಮುತ್ತಾತಂದಿರು ಬಿಟ್ಟಿ ದುಡಿದರೋ ಅವರ ಮೊಮ್ಮಕ್ಕಳನ್ನೇ ಇವತ್ತು ಬಿಟ್ಟಿ ತಿನ್ನುವವರು ಎನ್ನುತ್ತೇವೆ. ಪದ ಅದೇ, ಕೊಟ್ಟವರು ತೆಗೆದುಕೊಂಡವರು ಮಾತ್ರ ಅದಲುಬದಲು.

ಮಾರ್ಗದರ್ಶಕರ ಹತ್ತಿರ ಹೋಗಿ ಇದನ್ನು ಹೇಳಿದೆ. ಅವರು ಟಿಪ್ಪಣಿ ಪುಸ್ತಕ ಓದಿದರು. ‘ಪ್ರಸ್ತಾವನೆ ಅನ್ನೋದು ಒಂದು ಊಹೆ ಅಷ್ಟೇ ಕಣಮ್ಮ. ಪ್ರಾಕ್ಕಲ್ಪನೆ ತಪ್ಪಾದರೆ ಅದೂ ಒಂದು ಫಲಿತಾಂಶವೇ. ಈಗ ನೋಂದಣಿ ಮುಗಿಸು, ಇದೆಲ್ಲ ಅಧ್ಯಾಯಗಳಲ್ಲಿ ತಾನಾಗಿ ಬರುತ್ತೆ,’ ಎಂದರು. ಮೇಡಂ ಕೆಟ್ಟದ್ದನ್ನೇನೂ ಹೇಳಲಿಲ್ಲ. ತಪ್ಪಾಗಬಹುದಾದ ಊಹೆಯನ್ನು ಮುಂದಿಡುವ ಹಕ್ಕು ಪ್ರತಿಯೊಬ್ಬ ಸಂಶೋಧಕನಿಗೂ ಇದೆ, ಅದಿಲ್ಲದೆ ಯಾವ ಹುಡುಕಾಟವೂ ಹೊರಡುವುದಿಲ್ಲ. ಆದರೆ ನನ್ನದು ತಪ್ಪಾಗಬಹುದಾದ ಊಹೆ ಆಗಿರಲಿಲ್ಲ. ಎದುರು ಸಾಕ್ಷಿಯನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡ ಊಹೆ. ಎರಡೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಿರುವುದು ಬರೆದವಳಿಗೆ ಮಾತ್ರ, ಬರೆದವಳಿಗೂ ಕೆಲವು ಸಲ ಗೊತ್ತಿರುವುದಿಲ್ಲ.

ನ್ಯಾಯಸೂತ್ರದ ಮೊದಲಲ್ಲಿ ಹದಿನಾರು ಪದಾರ್ಥಗಳ ಪಟ್ಟಿಯಿದೆ. ಅದರಲ್ಲಿ ಸಂಶಯ ಮೂರನೆಯದು, ಸಿದ್ಧಾಂತ ಆರನೆಯದು. ಸಂಶಯಪಟ್ಟವನಿಗಷ್ಟೇ ವಿಚಾರ ಮಾಡುವ ಅಗತ್ಯ ಬೀಳುತ್ತದೆ ಎಂಬ ನಂಬಿಕೆ ಆ ಪರಂಪರೆಯದು. ನಮ್ಮ ನಮೂನೆಯಲ್ಲಿ ಉದ್ದೇಶ, ಪ್ರಾಕ್ಕಲ್ಪನೆ, ವ್ಯಾಪ್ತಿ, ವಿಧಾನ, ಅಧ್ಯಾಯ ವಿಂಗಡಣೆ, ಫಲಿತಾಂಶ ಎಲ್ಲಕ್ಕೂ ಜಾಗವಿದೆ. ಸಂಶಯಕ್ಕೆ ಒಂದು ಸಾಲೂ ಇಲ್ಲ. ‘ಅಧ್ಯಯನದ ಮಿತಿಗಳು’ ಎಂಬಲ್ಲಿ ತುರುಕಬಹುದು, ಆದರೆ ಅಲ್ಲಿ ಎಲ್ಲರೂ ಬರೆಯುವುದು ಕಾಲಾವಕಾಶದ ಕೊರತೆ ಎಂದು.

ಅದೇ ವಾರ ಸಮಿತಿಗೆ ಹೆಸರು ಕೊಡಬೇಕಾಗಿತ್ತು. ಯುಜಿಸಿಯ 2022ರ ನಿಯಮದಂತೆ ಪ್ರತಿ ಸಂಶೋಧಕರಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ಮಾರ್ಗದರ್ಶಕರೇ ಅದರ ಸಂಚಾಲಕರು. ಪ್ರಸ್ತಾವನೆಯನ್ನು ಪರಿಶೀಲಿಸಿ ವಿಷಯ ಅಂತಿಮಗೊಳಿಸುವುದು, ವಿಧಾನ ತಿದ್ದುವುದು, ಪ್ರತಿ ಸೆಮಿಸ್ಟರಿನ ಪ್ರಗತಿ ನೋಡುವುದು ಅದರ ಕೆಲಸ. ಉಳಿದ ಸದಸ್ಯರು ಯಾರು ಎಂಬುದು ನಿಯಮದ ಪ್ರಕಾರ ನಾವು ನಿರ್ಧರಿಸುವುದಲ್ಲ, ಆದರೆ ‘ನಿನ್ನ ಮನಸ್ಸಲ್ಲಿ ಯಾರಿದ್ದಾರೆ’ ಎಂದು ಕೇಳುವ ಮಾರ್ಗದರ್ಶಕರು ಇರುತ್ತಾರೆ. ನನ್ನವರು ಕೇಳಿದರು. ಎರಡು ಹೆಸರು ಮನಸ್ಸಿನಲ್ಲಿದ್ದವು. ಒಬ್ಬರು ಇತಿಹಾಸದವರು, ಸಜ್ಜನರು, ‘ತುಂಬಾ ಚೆನ್ನಾಗಿದೆ, ಮುಂದುವರಿಸಿ’ ಎನ್ನುವವರು. ಇನ್ನೊಬ್ಬರು ಸಮಾಜಶಾಸ್ತ್ರದವರು, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವನ್ನೇ ತರಿಸಿ ಓದುವವರು. ‘ಅವರು ಕೂತ್ರೆ ಆರು ತಿಂಗಳು ಹೋಯ್ತು ಅಂದ್ಕೊ,’ ಎಂದಳು ನನಗಿಂತ ಮೂರು ವರ್ಷ ಮುಂದಿರುವ ಅಕ್ಕ. ಆರು ತಿಂಗಳೆಂದರೆ ಬರೀ ಮಾತಲ್ಲ. ಎರಡು ವರ್ಷ ಮುಗಿದ ಮೇಲೆ ಮೌಲ್ಯಮಾಪನವಾದರೆ ತಿಂಗಳಿಗೆ 37,000 ಇರುವ ಫೆಲೋಶಿಪ್ 42,000 ಆಗುತ್ತದೆ. ಮೌಲ್ಯಮಾಪನ ತಡವಾದರೆ ಅದೂ ತಡ. ಆ ಹಣದಲ್ಲಿ ಮನೆಗೆ ಹೋಗುವ ಪಾಲೂ ಇದೆ.

ಅದೇ ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ನಿಜ ತಿಳಿಯಲು ಮಾಡುವ ವಾದ, ಗೆಲ್ಲಲು ಮಾಡುವ ಜಲ್ಪ, ತನ್ನದೊಂದು ನಿಲುವೇ ಇಲ್ಲದೆ ಎದುರಿನವರದ್ದನ್ನು ಕೆಡವುವ ವಿತಂಡ. ಸಮಿತಿಯಲ್ಲಿ ವಿತಂಡಿಗಳು ಸಿಕ್ಕಿ ಹಾಳಾದವರ ಕಥೆಗಳು ಪ್ರತಿ ಹಾಸ್ಟೆಲಿನಲ್ಲೂ ಇವೆ, ಅವೆಲ್ಲ ಸುಳ್ಳಲ್ಲ. ಆದ್ದರಿಂದ ಮೆತ್ತಗಿನವರನ್ನು ಹುಡುಕುವವರನ್ನು ನಾನು ಹೀಗಳೆಯಲಾರೆ. ಆದರೆ ನಾಲ್ಕನೆಯ ಬಗೆಯೊಂದನ್ನು ಗೌತಮ ಪಟ್ಟಿ ಮಾಡಲಿಲ್ಲ, ‘ಹೌದಪ್ಪ’ ಎನ್ನುವವರ ಮುಂದೆ ಮಾತಾಡುವುದು. ನಮ್ಮ ಮಾತನ್ನು ಕೇಳುವವರನ್ನು ನಾವೇ ಆರಿಸಿಕೊಂಡಾಗ ಯಾವ ಮಾತು ಕೇಳಿಸಬಾರದು ಎಂಬುದನ್ನೂ ಆರಿಸಿಕೊಂಡಿರುತ್ತೇವೆ. ಹೊಂಗೆ ಮರದಡಿಯ ತಾತ ಯಾವ ನಿಯಮದಲ್ಲೂ ನನ್ನ ಸಮಿತಿಯ ಸದಸ್ಯರಾಗಲಾರರು. ಅವರ ಪರವಾಗಿ ‘ಇದು ಯಾರ ಪದ?’ ಎಂದು ಕೇಳಬಲ್ಲವರು ಒಬ್ಬರಾದರೂ ಕೂರಬೇಕಲ್ಲ.

ಹೀಗೆ ಬರೆದರೆ ನಾನೇನೋ ಧೈರ್ಯಸ್ಥೆ ಎಂಬಂತಾಯಿತು. ನಿಜವೆಂದರೆ ನಾನು ಮೊದಲು ಬರೆದು ಕೊಟ್ಟದ್ದು ಇತಿಹಾಸದವರ ಹೆಸರನ್ನೇ. ಬದಲಾಯಿಸಿದ್ದು ಒಂದು ಫೋನಿನ ನಂತರ. ಊರಿಗೆ ಫೋನು ಮಾಡಿದಾಗ ಸುಮ್ಮನೆ ಅಜ್ಜಿಯನ್ನು ಕೇಳಿದೆ, ನಮ್ಮ ಕೆರೆ ಏರಿಗೆ ಮಣ್ಣು ಹಾಕುತ್ತಿದ್ದವರು ಯಾರು ಎಂದು. ‘ಅವರು ಬರೋರು.’ ಯಾರಜ್ಜಿ? ‘ಅದೇ, ಅವರು. ಕೆಲಸದೋರು.’ ಹೆಸರು ನೆನಪಿದೆಯಾ ಅಂದರೆ ಬಹಳ ಹೊತ್ತು ಯೋಚಿಸಿದಳು, ಒಂದೂ ಬರಲಿಲ್ಲ. ಆ ಕಾಲದಲ್ಲಿ ಮನೆಯಲ್ಲಿದ್ದ ಎತ್ತುಗಳ ಹೆಸರನ್ನು ಮಾತ್ರ ಪಟಪಟನೆ ಹೇಳಿದಳು. ಅಜ್ಜಿ ಕೆಟ್ಟವಳಲ್ಲ. ಅವಳು ತನಗೆ ಗೊತ್ತಿದ್ದನ್ನು ಹೇಳಿದಳು. ಮರುದಿನ ಮೇಡಂ ಹತ್ತಿರ ಹೋಗಿ ಹೆಸರು ಬದಲಾಯಿಸಬಹುದೇ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ‘ಆಮೇಲೆ ನನ್ನ ಹತ್ರ ಬಂದು ಅಳಬಾರದು,’ ಎಂದಷ್ಟೇ ಹೇಳಿದರು.

ನಾಲ್ಕನೇ ಪುಟ ತಿದ್ದಿದೆ. ಶ್ರಮದಾನ ಹೋಗಿ ಬಿಟ್ಟಿ ಬಂತು. ಒಂದು ಪದ ಬದಲಾದರೆ ಸಾಕು ಅಂದುಕೊಂಡಿದ್ದೆ, ಆದರೆ ಅದು ಬಂದ ಮೇಲೆ ಪಕ್ಕದ ವಾಕ್ಯಗಳು ನಿಲ್ಲಲಿಲ್ಲ. ‘ಸಮುದಾಯ’ ಎಂದಲ್ಲೆಲ್ಲ ಯಾವ ಕೇರಿ ಎಂದು ಬರೆಯಬೇಕಾಯಿತು. ದಾಮಾಷದ ನ್ಯಾಯ ಸುಳ್ಳಾಗಲಿಲ್ಲ, ಅದು ಗದ್ದೆಯಿದ್ದವರ ನಡುವಿನ ನ್ಯಾಯ ಎಂದು ಸೇರಿಸಬೇಕಾಯಿತು. ಮಿತಿಗಳ ಕೆಳಗೆ ನಮ್ಮ ತಾತನ ಎರಡು ಎಕರೆಯನ್ನೂ ಬರೆದೆ. ಸಭೆಯಲ್ಲಿ ಒಬ್ಬರು ಅದನ್ನು ‘ವೈಯಕ್ತಿಕ’ ಎಂದು ತೆಗೆಯಲು ಹೇಳಿದರು, ಸಮಾಜಶಾಸ್ತ್ರದವರು ಇರಲಿ ಎಂದರು. ಇನ್ನೂ ಇದೆ.

ಅಷ್ಟಕ್ಕೇ ಅವರು ನನ್ನನ್ನು ಬಿಡಲಿಲ್ಲ. ‘ಬಿಟ್ಟಿ ಅಂತ ಹೇಳಿದವರು ಒಬ್ಬರೇನಾ? ಒಬ್ಬರ ಮಾತಿನ ಮೇಲೆ ಇಡೀ ಅಧ್ಯಾಯ ನಿಲ್ಲುತ್ತಾ? ಹೇಳಿದವರ ವಿವರ ಎಲ್ಲಿ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಗಳೇ. ಇನ್ನೂ ಐದು ಊರುಗಳಿಗೆ ಹೋಗಬೇಕು, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಮಂಡಿಸಬೇಕು ಎಂದಾಯಿತು. ಅಕ್ಕ ಹೇಳಿದ್ದ ಆರು ತಿಂಗಳ ಲೆಕ್ಕ ಸರಿಯಾಗಿಯೇ ಇತ್ತು.

ಕಳೆದ ತಿಂಗಳು ಅದೇ ಊರಿಗೆ ಹೋದೆ. ತಿದ್ದಿದ ಪುಟವನ್ನು ತಾತನಿಗೆ ಓದಿ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ನಮ್ಮಲ್ಲಿ ಮಹಾಪ್ರಬಂಧದ ಕೊನೆಗೆ ವಕ್ತೃಗಳ ಪಟ್ಟಿ ಇರುತ್ತದೆ, ಹೆಸರು, ವಯಸ್ಸು, ಜಾತಿ, ಊರು, ಕೆಲವರು ಫೋಟೊವನ್ನೂ ಹಾಕುತ್ತಾರೆ. ಆ ಕಾಲಂಗಳ ಹಾಳೆ ತೆಗೆದಾಗ ತಾತ ನನ್ನ ಕೈ ಹಿಡಿದು ನಿಲ್ಲಿಸಿದರು.

‘ಮಾತು ಬರ್ಕೋ ತಾಯಿ. ಹೆಸರು ಬೇಡ. ಆಗ ಮೊರ ಒಡ್ಡಕೆ ಬಿಡ್ದೋನ ಮಗನೇ ಈಗ ಪಂಚಾಯ್ತಿ ಮೆಂಬರು. ನನ್ನ ಮೊಮ್ಮಗಂದು ಮನೆ ಮಂಜೂರಾಗ್ಬೇಕು.’

ಹಾಳೆ ಇನ್ನೂ ಖಾಲಿಯಿದೆ. ಹೆಸರಿಲ್ಲದಿದ್ದರೆ ಸಮಿತಿಗೆ ಸಾಕ್ಷಿಯಿಲ್ಲ, ಹೆಸರಿದ್ದರೆ ಅವರ ಮೊಮ್ಮಗನಿಗೆ ಮನೆಯಿಲ್ಲ. ಬೇರೆ ಹೆಸರು ಹಾಕುವ ಪದ್ಧತಿ ಇದೆ ಎಂದು ಗೊತ್ತು, ಆದರೆ ಆ ಊರಿನಲ್ಲಿ ಉಳಿದಿರುವ ಹಳೆಯ ನೀರಗಂಟಿ ಅವರೊಬ್ಬರೇ, ಯಾವ ಹೆಸರು ಹಾಕಿದರೂ ಅದು ಅವರೇ. ಊರಿನ ಹೆಸರನ್ನೇ ಬಿಟ್ಟರೆ ಕೆರೆಯ ಅಧ್ಯಯನದಲ್ಲಿ ಕೆರೆಯೇ ಇರುವುದಿಲ್ಲ. ಮುಂದಿನ ಸಭೆಯಲ್ಲಿ ಇದನ್ನೇ ಮೊದಲ ಪ್ರಶ್ನೆಯಾಗಿ ಇಡುತ್ತೇನೆಂದು ಮೇಡಂಗೆ ಹೇಳಿದ್ದೇನೆ. ಅವರು ದಿನಾಂಕ ಹುಡುಕುತ್ತಿದ್ದಾರೆ.