ಬಂಗಿಯ ನಾಣ್ಯ, ಯೌಂಡೆಯ ಬೀಗ

ಹಣಕ್ಕೆ ಹೆಸರಿಡುವುದು ಸಂಸತ್ತು. ಅದು ಹಣ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಸಂತೆಯಲ್ಲಿ ಮರಗೆಣಸು ಮಾರುವ ಹೆಂಗಸು.

*

2022ರ ಏಪ್ರಿಲ್‌ನಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ಸಂಸತ್ತು ಒಮ್ಮತದಿಂದ ಬಿಟ್‌ಕಾಯಿನ್ನನ್ನು ದೇಶದ ಅಧಿಕೃತ ಹಣವೆಂದು ಒಪ್ಪಿತು. ಅದಕ್ಕೂ ಮೊದಲು ಹಾಗೆ ಮಾಡಿದ್ದು ಎಲ್ ಸಾಲ್ವಡಾರ್ ಮಾತ್ರ. ಆಗ ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಅಂತರ್ಜಾಲ ಬಳಸುತ್ತಿದ್ದವರು ಹತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬರು. ವಿದ್ಯುತ್ತಿಲ್ಲದ ಮನೆಗಳೇ ಬಹಳ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರು ಎನ್ನುತ್ತೇವೆ. ಇಲ್ಲಿ ಬಸುರಿಯ ಕೋಣೆಯಲ್ಲಿ ದೀಪವೂ ಇರಲಿಲ್ಲ.

*

ಆದರೂ ಹೊಸ ಹಣದ ಆ ಹಂಬಲವನ್ನು ಹಗುರವಾಗಿ ಕಾಣಲಾರೆ. ಆ ದೇಶದವರು ಬಳಸುವ ಸಿಎಫ್‌ಎ ಫ್ರಾಂಕ್ ಹುಟ್ಟಿದ್ದು 1945ರಲ್ಲಿ, ಫ್ರೆಂಚ್ ವಸಾಹತು ಆಳ್ವಿಕೆಯ ಮಡಿಲಲ್ಲಿ. ಇವತ್ತಿಗೂ ಒಂದು ಯೂರೊಗೆ 655.957 ಫ್ರಾಂಕ್ ಎಂಬ ಕಟ್ಟು ಅದರ ಕೊರಳಲ್ಲಿದೆ. 1994ರ ಜನವರಿಯಲ್ಲಿ ಅದರ ಬೆಲೆ ಒಮ್ಮೆಲೇ ಅರ್ಧಕ್ಕಿಳಿದಾಗ, ಕೂಡಿಟ್ಟವರ ಬೆವರೂ ಅರ್ಧವಾಯಿತು. ಆ ನೋವು ಸುಳ್ಳಲ್ಲ. ನೋವು ನಿಜವಾದ ಮಾತ್ರಕ್ಕೆ ಕೊಟ್ಟ ಮದ್ದೆಲ್ಲ ಸರಿಯಾಗುವುದಿಲ್ಲ.

*

2022ರ ಏಪ್ರಿಲ್‌ನಲ್ಲಿ ಒಂದು ಬಿಟ್‌ಕಾಯಿನ್ನಿಗೆ ಸುಮಾರು 40,000 ಡಾಲರ್. ಜೂನ್‌ನಲ್ಲಿ 20,000ಕ್ಕೂ ಕೆಳಗೆ. ಪ್ಯಾರಿಸ್ಸಿನ ಹಗ್ಗ ಬಿಚ್ಚಿಕೊಳ್ಳಲು ಹೋಗಿ ಗಾಳಿಗೆ ಗಂಟು ಹಾಕಿಕೊಂಡಂತಾಯಿತು.

*

ಕ್ಯಾಮರೂನ್, ಚಾಡ್, ಗ್ಯಾಬನ್, ಕಾಂಗೊ ಗಣರಾಜ್ಯ, ಈಕ್ವಟೋರಿಯಲ್ ಗಿನಿ, ಮಧ್ಯ ಆಫ್ರಿಕಾ ಗಣರಾಜ್ಯ: ಆರು ಮನೆ, ಒಂದೇ ತಿಜೋರಿ. ಅದರ ಕೀಲಿ ಕ್ಯಾಮರೂನಿನ ರಾಜಧಾನಿ ಯೌಂಡೆಯ ಕೇಂದ್ರ ಬ್ಯಾಂಕಿನಲ್ಲಿದೆ. ಕೂಡು ಕುಟುಂಬದಲ್ಲಿ ಒಬ್ಬ ತಮ್ಮ ಯಾರನ್ನೂ ಕೇಳದೆ ಹೊಸ ಲೆಕ್ಕ ತೆರೆದರೆ ಉಳಿದ ಐವರಿಗೆ ನಿದ್ದೆ ಹತ್ತೀತೆ? ಕೇಂದ್ರ ಬ್ಯಾಂಕಿನ ಗವರ್ನರ್ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಂಗಿಗೆ ಆಕ್ಷೇಪದ ಪತ್ರ ಬರೆದರು. 2022ರ ಮೇ ತಿಂಗಳಲ್ಲಿ ವಲಯದ ಬ್ಯಾಂಕಿಂಗ್ ಆಯೋಗ, ಬಿಟ್‌ಕಾಯಿನ್ನಿನಂಥ ಕ್ರಿಪ್ಟೊ ಇಟ್ಟುಕೊಳ್ಳುವುದಾಗಲಿ ವಿನಿಮಯ ಮಾಡುವುದಾಗಲಿ ಆರೂ ದೇಶಗಳ ಬ್ಯಾಂಕುಗಳಿಗೆ ನಿಷಿದ್ಧವೆಂದು ನೆನಪಿಸಿತು. ಒಂದೇ ಬೀದಿಯಲ್ಲಿ ಎರಡು ಕಾನೂನು ನಿಂತವು. ದೇಶದ ಕಾನೂನು ಹೌದೆಂದದ್ದನ್ನು ವಲಯದ ಕಾನೂನು ಅಲ್ಲವೆಂದಿತು.

*

ಜುಲೈನಲ್ಲಿ ಬಂಗಿಯ ಸರ್ಕಾರ ತನ್ನದೇ ಕ್ರಿಪ್ಟೊ ನಾಣ್ಯವನ್ನು ಮಾರಾಟಕ್ಕಿಟ್ಟಿತು. ಹೆಸರು ಸಾಂಗೊ. ಅದು ಆ ದೇಶದ ಜನ ಜೋಗುಳ ಹಾಡುವ, ಜಗಳವಾಡುವ, ಲೆಕ್ಕ ಕೂಡುವ ನುಡಿಯ ಹೆಸರು. 60,000 ಡಾಲರಿನ ನಾಣ್ಯ ಕೊಂಡು ಐದು ವರ್ಷ ಒತ್ತೆಯಿಟ್ಟರೆ ಪೌರತ್ವ. 10,000 ಡಾಲರಿಗೆ 250 ಚದರ ಮೀಟರ್ ನೆಲ.

ಆಗಸ್ಟ್ 29ರಂದು ಸಂವಿಧಾನ ನ್ಯಾಯಾಲಯ ಪೌರತ್ವ, ನೆಲದ ಈ ಮಾರಾಟವನ್ನು ತಡೆಯಿತು. ರಾಷ್ಟ್ರೀಯತೆಗೆ ಮಾರುಕಟ್ಟೆ ಬೆಲೆಯಿಲ್ಲ ಎಂಬುದು ತೀರ್ಪಿನ ತಿರುಳು. ಈ ಇಡೀ ಕಥೆಯಲ್ಲಿ ನನ್ನ ತಲೆ ಬಾಗಿದ್ದು ಇಲ್ಲಿ. ದಶಕದ ಅಂತರ್ಯುದ್ಧದಲ್ಲಿ ಬೆಂದ, ಬಡತನದಲ್ಲಿ ಬಳಲಿದ ದೇಶವೊಂದು, ತಾನು ಬಿಕರಿಗಿಲ್ಲ ಎಂದು ತನ್ನ ನ್ಯಾಯಪೀಠದಿಂದಲೇ ಹೇಳಿತು.

*

ಅದೇ ನ್ಯಾಯಾಲಯ ಸೆಪ್ಟೆಂಬರ್‌ನಲ್ಲಿ, ಹೊಸ ಸಂವಿಧಾನ ಬರೆಯಲು ಅಧ್ಯಕ್ಷ ಟುವಾಡೆರಾ ರಚಿಸಿದ್ದ ಸಮಿತಿಯನ್ನೂ ರದ್ದುಪಡಿಸಿತು. ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಮುಖ್ಯಸ್ಥೆ ಡ್ಯಾನಿಯೆಲ್ ಡಾರ್ಲಾನ್ ಹುದ್ದೆ ಕಳೆದುಕೊಂಡರು. ನ್ಯಾಯಾಧೀಶರ ಕುರ್ಚಿ ಗಟ್ಟಿಯಿಲ್ಲದ ಕಡೆ ಯಾವ ನಾಣ್ಯ ಗಟ್ಟಿಯಾದೀತು?

*

ನಿಷೇಧಿಸಿದ ಮಾತ್ರಕ್ಕೆ ನಿಯಂತ್ರಿಸಿದಂತಲ್ಲ. ನಿಷೇಧ ಬ್ಯಾಂಕಿನ ಬಾಗಿಲು ಹಾಕುತ್ತದೆ. ಅಂಗೈಯ ಮೊಬೈಲು ತೆರೆದೇ ಇರುತ್ತದೆ. ಕ್ಯಾಮರೂನಿನಲ್ಲಿ ಕ್ರಿಪ್ಟೊ ಹೆಸರಿನ ಯೋಜನೆಗೆ ಹಣ ಹಾಕಿದ ಸಾವಿರಾರು ಮಂದಿ ಕೈಸುಟ್ಟುಕೊಂಡರು. ಅವರಿಗೆ ಬೇಕಿದ್ದದ್ದು, ಹಣ ಪಡೆದವನಿಗೆ ಪರವಾನಗಿ ಇದೆಯೇ, ಮೋಸವಾದರೆ ಯಾರ ಬಾಗಿಲು ತಟ್ಟಬೇಕು ಎಂಬೆರಡು ಪ್ರಶ್ನೆಗೆ ನೇರ ಉತ್ತರ.

*

2023ರ ಮಾರ್ಚ್‌ನಲ್ಲಿ ಬಂಗಿಯ ಸಂಸತ್ತು ಬಿಟ್‌ಕಾಯಿನ್ನಿನ ಅಧಿಕೃತ ಸ್ಥಾನವನ್ನು ಹಿಂತೆಗೆದುಕೊಂಡಿತು. ತಪ್ಪು ತಿದ್ದಿಕೊಳ್ಳುವುದು ಸೋಲಲ್ಲ. ತಿದ್ದಿದ್ದನ್ನು ಮರೆಯುವುದು ಸೋಲು: 2025ರ ಫೆಬ್ರುವರಿಯಲ್ಲಿ ಅಧ್ಯಕ್ಷರೇ ಮೀಮ್ ನಾಣ್ಯವೊಂದನ್ನು, ಅಂದರೆ ಅಂತರ್ಜಾಲದ ತಮಾಷೆಯ ಮೇಲೆ ನಿಂತ ಕ್ರಿಪ್ಟೊವನ್ನು, ಘೋಷಿಸಿದರು. ಅದು ಏರಿದಷ್ಟೇ ಬೇಗ ಕುಸಿಯಿತು.

*

ಬಂಗಿಯ ಶಾಸಕರಲ್ಲಿ ಒಂದು ಬಿನ್ನಹ. ಮುಂದಿನ ಕಾನೂನನ್ನು ಫ್ರೆಂಚಿನಲ್ಲಿ ಬರೆದು ಮುಗಿಸಬೇಡಿ. ಸಾಂಗೊ ನಾಣ್ಯದ ಮೇಲಿನ ಹೆಸರಾಗಿ ಮಾತ್ರವಲ್ಲ, ಆ ಕಾನೂನಿನ ಮಾತಾಗಿಯೂ ಇರಲಿ. ಬಂಗಿಯ ಸಂತೆಯಲ್ಲಿ ಮೊದಲು ಅದನ್ನು ಓದಿ ಹೇಳಿ, ಮರಗೆಣಸು ಮಾರುವಾಕೆ ಏನು ಕೇಳುತ್ತಾಳೋ ಬರೆದುಕೊಳ್ಳಿ, ಆಮೇಲೆ ಮತಕ್ಕೆ ಹಾಕಿ.